ಹದಿನಾಲ್ಕು ಮನೆಗೆ ಹೇಳಿಕೆ

ಕೆಂಪುಕಲ್ಲಿನ ಮೇಲೆ ಡ್ರೋನು ಇಟ್ಟರೆ ಅದಕ್ಕೆ ಉತ್ತರ ದಿಕ್ಕು ಮರೆತುಹೋಗುತ್ತದೆ. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಅದರ ಹೊಟ್ಟೆಯೊಳಗಿನ ದಿಕ್ಸೂಚಿಯನ್ನು ಗಲಿಬಿಲಿ ಮಾಡಿ, ಕೈಯಲ್ಲಿರುವ ಕಂಟ್ರೋಲರಿನ ಪರದೆಯಲ್ಲಿ ಕೆಂಪು ಅಕ್ಷರ ಬರಿಸುತ್ತದೆ. ಕೆಂಪು ಅಕ್ಷರ ಕಂಡರೆ ನನಗೆ ಡ್ರೋನಿಗಿಂತ ಮೊದಲು ಎದೆ ಹಾರುತ್ತದೆ. ಹಾಗಾಗಿ ಆ ಕೋರೆಯ ಹತ್ತಿರ ನಾನು ಮಾಡಿದ ಮೊದಲ ಕೆಲಸ, ಪಕ್ಕದ ಮನೆಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿದ್ದು. ನೆಲದಿಂದ ಒಂದೂವರೆ ಅಡಿ ಮೇಲಿಟ್ಟರೆ ದಿಕ್ಸೂಚಿಗೆ ಬುದ್ಧಿ ಬರುತ್ತದೆ.

ಮನೆಯ ಜಗಲಿಯಲ್ಲಿ ನನ್ನದೇ ಪ್ರಾಯದ ಒಬ್ಬ ಹೆಂಗಸು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮಾತೆಲ್ಲ ತುಳುವಿನಲ್ಲೇ ನಡೆದದ್ದು; ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

“ಕುರ್ಚಿ ಯಾರಿಗೆ?”

“ಡ್ರೋನಿಗೆ, ಅಕ್ಕ.”

“ಅದಕ್ಕೆ ಕುರ್ಚಿ. ನಿಮಗೆ?”

“ನಾನು ನಿಂತುಕೊಳ್ತೇನೆ.”

“ಒಳ್ಳೆ ಯಜಮಾನರು,” ಎಂದು ಅಕ್ಕ ಕುರ್ಚಿ ತೋರಿಸಿದರು. ಬೀಡಿ ಕಟ್ಟುವ ಬೆರಳು ನಿಲ್ಲಲಿಲ್ಲ. ಇನ್ನೇನೂ ಕೇಳಲೂ ಇಲ್ಲ. ಕೇಳದಿದ್ದುದರಲ್ಲಿ ಒಂದು ಅರ್ಥ ಇತ್ತು ಎಂದು ಆಗ ನನಗೆ ಹೊಳೆಯಲಿಲ್ಲ.

ಕೋರೆ ಇದ್ದದ್ದು ವೇಣೂರಿನಿಂದ ಪುಂಜಾಲಕಟ್ಟೆಯ ಕಡೆಗೆ ಹೋಗುವ ಒಂದು ಒಳರಸ್ತೆಯ ಪಕ್ಕದಲ್ಲಿ. ಅಲ್ಲಿ ಕಲ್ಲು ತೆಗೆಯುವುದು ನಿಂತು ವರ್ಷಗಳಾಗಿವೆ. ಮೂರು ಕಡೆ ಕತ್ತಿಯಲ್ಲಿ ಕೊಯ್ದ ಹಾಗೆ ನೇರ ಗೋಡೆ, ಒಂದು ಕಡೆ ಹಿಂದೆ ಲಾರಿ ಇಳಿಯುತ್ತಿದ್ದ ಇಳಿಜಾರು, ನಡುವೆ ಬೇಸಗೆಯಲ್ಲೂ ಬತ್ತದ ಹಸಿರು ನೀರು. ಪಶ್ಚಿಮದ ಅಂಚಿನಲ್ಲೇ ಒಂದು ಕಾಲುದಾರಿ. ಸುತ್ತಲಿನ ಹದಿನಾಲ್ಕು ಮನೆಯವರಿಗೆ ಬಸ್ಸಿಗೆ, ರೇಶನ್ನಿಗೆ, ಕಟ್ಟಿದ ಬೀಡಿ ಕೊಟ್ಟು ಬರುವ ಬ್ರಾಂಚಿಗೆ ಅದೇ ದಾರಿ. ಹಿಂದಿನ ಮಳೆಗಾಲದಲ್ಲಿ ಅಲ್ಲಿಂದ ಒಂದು ದನ ಜಾರಿ ಕೆಳಗೆ ಬಿದ್ದಿತ್ತು. ಇನ್ನೊಂದು ಮಳೆಗಾಲಕ್ಕೆ ಮುಂಚೆ ಬೇಲಿ ಹಾಕಬೇಕೆಂದು ಪಂಚಾಯಿತಿಯವರು ತೀರ್ಮಾನಿಸಿದ್ದರು. ಬೇಲಿ ಎಲ್ಲಿ ಬರಬೇಕು, ದಾರಿ ಎಲ್ಲಿ ಉಳಿಯಬೇಕು ಎಂದು ತೋರಿಸುವ ನಕ್ಷೆ ನನ್ನ ಕೆಲಸ. ನಕ್ಷೆ ತಪ್ಪಿದರೆ ಮುಂದಿನ ಸಲ ಜಾರುವುದು ದನವೇ ಆಗಬೇಕೆಂದಿಲ್ಲ.

ಡ್ರೋನನ್ನು ಕಣ್ಣಿನಿಂದ ಬಿಡಬಾರದು ಎನ್ನುವುದು ನಿಯಮ. ನನ್ನ ಕಣ್ಣು ಪರದೆಯ ಮೇಲಿರುವಾಗ ಆಕಾಶ ನೋಡಲು ಇನ್ನೊಂದು ಜೊತೆ ಕಣ್ಣು ಬೇಕು. ನನ್ನ ಹೆಂಡತಿ ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಟೀಚರು. ಬೇಸಗೆ ರಜೆಯಾದ್ದರಿಂದ ಆ ಕೆಲಸಕ್ಕೆ ಅವಳೇ ಬಂದಳು. ಇಪ್ಪತ್ತೆರಡು ವರ್ಷದಿಂದ ನನ್ನ ಮೇಲೆ ಒಂದು ಕಣ್ಣಿಟ್ಟವಳಿಗೆ ಡ್ರೋನು ಏನು ಮಹಾ.

ಹಾರಿಸುವ ಮೊದಲು ನೋಡಬೇಕಾದ ಮೂವತ್ತೊಂದು ಸಂಗತಿಗಳ ಪಟ್ಟಿ ನನ್ನಲ್ಲಿ ಉಂಟು. ರೆಕ್ಕೆಯಲ್ಲಿ ಬಿರುಕು, ಬ್ಯಾಟರಿಯ ಬಿಸಿ, ಗಾಳಿಯ ವೇಗ, ಆ ಜಾಗ ಡ್ರೋನಿಗೆ ಅಡ್ಡಿಯಿಲ್ಲದ ಹಸಿರು ವಲಯದಲ್ಲಿದೆಯೇ, ಠಾಣೆಗೆ ಕೊಟ್ಟ ಪತ್ರದ ಪ್ರತಿ ಜೇಬಿನಲ್ಲಿದೆಯೇ, ಹೀಗೆ. ಮೂವತ್ತೊಂದನೆಯದು, “ಪಟ್ಟಿ ತಂದಿದ್ದೇನೆಯೇ?” ಪಂಚಾಯಿತಿಯ ಬೋರ್ಡಿನಲ್ಲಿ ವಾರದ ಮೊದಲೇ ನೋಟಿಸು ಹಚ್ಚಿಸಿದ್ದೆ, ಅದೂ ಪಟ್ಟಿಯಲ್ಲಿತ್ತು, ಗುರುತು ಹಾಕಿದೆ.

ಪಶ್ಚಿಮದಲ್ಲಿ ಒಂದು ಗೇರುಮರದ ಬಳಿ ಅಂಚು ಮೂಗಿನ ಹಾಗೆ ಮುಂದೆ ಚಾಚಿತ್ತು. ಅಲ್ಲಿ ನಿಂತರೆ ಇಡೀ ಕೋರೆ ಕಾಣುತ್ತಿತ್ತು. ಅದರ ಮೇಲೆ ಕುರ್ಚಿ ಇಟ್ಟೆ, ಕುರ್ಚಿಯ ಮೇಲೆ ಡ್ರೋನು. ಹೆಂಡತಿ ಮರದ ನೆರಳಲ್ಲಿ ನಿಂತಳು.

ಅರುವತ್ತು ಮೀಟರು ಎತ್ತರ, ಹೊಲ ಉತ್ತ ಹಾಗೆ ಸಾಲುಸಾಲಾಗಿ ಹಾರಾಟ, ಕ್ಯಾಮೆರಾ ನೇರ ಕೆಳಗೆ. ಎರಡನೇ ಸಾಲು ಮುಗಿಯುವಾಗ, “ಜನ,” ಎಂದಳು ಹೆಂಡತಿ. ಕಾಲುದಾರಿಯಲ್ಲಿ ಇಬ್ಬರು ಹೆಂಗಸರು ಬೀಡಿಯ ಚೀಲ ಹಿಡಿದು ಬರುತ್ತಿದ್ದರು. ಜನರ ತಲೆಯ ಮೇಲೆ ಹಾರಿಸಬಾರದು. ನಿಲ್ಲಿಸಿ, ನೀರಿನ ಮೇಲಕ್ಕೆ ತಂದು ಕಾದೆ. ಅವರು ದಾಟುವ ಬದಲು ನಿಂತು ಮೇಲೆ ನೋಡಿದರು. ಅವರು ಹೋದ ಮೇಲೆ ಒಬ್ಬ ಅಜ್ಜ ಬಂದರು; ಅವರೂ ನಿಂತರು. ಆಮೇಲೆ ಒಂದು ಸೈಕಲ್ಲು. ಹೀಗೆ ಒಂದೂವರೆ ಬ್ಯಾಟರಿ ಬರೀ ಕಾಯುವುದರಲ್ಲೇ ಹೋಯಿತು.

ಹೇಗೋ ಸಾಲುಗಳು ಮುಗಿಯುತ್ತಾ ಬಂದಾಗ ಲುಂಗಿ ಎತ್ತಿ ಕಟ್ಟಿದ ಒಬ್ಬರು ಬೀಸು ಹೆಜ್ಜೆಯಲ್ಲಿ ಬಂದರು.

“ನಮ್ಮ ಬಚ್ಚಲಿಗೆ ಮೇಲೆ ಹಂಚಿಲ್ಲ. ಗೊತ್ತುಂಟಾ ನಿಮಗೆ?”

ಗೊತ್ತಿರಲಿಲ್ಲ. ಡ್ರೋನನ್ನು ಆ ಕ್ಷಣವೇ ಇಳಿಸಿದೆ. ಆಮೇಲೆ, ಬಾಯಿ ಮುಚ್ಚಿಕೊಂಡಿರುವ ಬದಲು, “ಪಂಚಾಯಿತಿ ಬೋರ್ಡಿನಲ್ಲಿ ನೋಟಿಸು ಹಾಕಿದ್ದೇವೆ,” ಎಂದೆ.

“ಬೋರ್ಡಿಗೆ ಹೇಳಿದ್ದೀರಿ. ಬೋರ್ಡು ಸ್ನಾನ ಮಾಡುದಿಲ್ಲ.”

ಹೆಂಡತಿ ಕುರ್ಚಿ ಎತ್ತಿಕೊಂಡಳು. “ಅವರು ಹೇಳುದು ಸರಿ ಉಂಟು. ಹೋಗುವ,” ಎಂದಳು. ಹೋದೆವು.

ಸಂಜೆ ಮನೆಯಲ್ಲಿ ಕೂತು ಸಿಕ್ಕಿದಷ್ಟು ಚಿತ್ರಗಳನ್ನು ಜೋಡಿಸಿದೆ. ಅಂಚು ಚೆನ್ನಾಗಿ ಕಂಡಿತ್ತು. ಹುಲ್ಲು, ಗೇರುಮರ, ಗಟ್ಟಿ ನೆಲ. ಅಂಚಿನಿಂದ ಒಂದು ಮೀಟರು ಬಿಟ್ಟು ಬೇಲಿಯ ಗೆರೆ ಎಳೆದೆ. ಕಾಲುದಾರಿ ಅದರ ಹಿಂದೆ ಇದ್ದಲ್ಲೇ ಇರಲಿ ಎಂದು ಬಿಟ್ಟೆ. ಆಗ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯ ಫೋನು ಬಂತು. ಅವರು ಧಾರವಾಡದ ಕಡೆಯ ಹುಡುಗಿ, ತುಳು ಬಾರದು. ಊರಿನವರು ಅವರ ಹತ್ತಿರ ನಿಧಾನವಾಗಿ ಪುಸ್ತಕದ ಕನ್ನಡ ಮಾತಾಡುತ್ತಾರೆ.

“ಸರ್, ಊರಿನವರು ಬಂದಿದ್ರು. ನಿಮ್ಮ ಹೇಳಿಕೆ ಆಗಬೇಕಂತ. ಹೇಳಿಕೆ ಇಲ್ಲದ ಹಾರಿಸಾಕ ಬಿಡಂಗಿಲ್ಲ ಅಂತಾರ್ರಿ.”

ನಾನು ಪೆನ್ನು ಎತ್ತಿಕೊಂಡೆ. “ಯಾರ ಮುಂದೆ?”

“ಎಲ್ಲಾರ ಮುಂದನೂ ಆಗಬೇಕಂತ್ರಿ. ಒಂದು ಮನಿನೂ ಬಿಡಂಗಿಲ್ಲಂತ.”

ಫೋನಿಟ್ಟು ನಾನು ಬರೆಯಲು ಕೂತೆ. “ಈ ಕೆಳಗೆ ಸಹಿ ಮಾಡಿರುವ ನಾನು ಸ್ವಇಚ್ಛೆಯಿಂದ ನೀಡುತ್ತಿರುವ ಹೇಳಿಕೆ ಏನೆಂದರೆ...” ಡ್ರೋನಿನ ನೋಂದಣಿ ಸಂಖ್ಯೆ, ನನ್ನ ಪೈಲಟ್ ಸರ್ಟಿಫಿಕೇಟು, ವಿಮೆ, ಹಾರಾಟದ ಎತ್ತರ, ಬಚ್ಚಲಿನ ಕುರಿತು ನನಗೆ ಯಾವ ದುರುದ್ದೇಶವೂ ಇರಲಿಲ್ಲ ಎನ್ನುವ ಒಂದು ಪ್ಯಾರಾ. ಮೂರು ಪುಟ ಆಯಿತು. ಹದಿನಾಲ್ಕು ಪ್ರತಿ ಜೆರಾಕ್ಸು ಮಾಡಿಸುವುದೋ ಹದಿನೈದೋ ಎಂದು ಯೋಚಿಸುತ್ತಿದ್ದಾಗ ಹೆಂಡತಿ ಹಾಳೆ ತೆಗೆದುಕೊಂಡು ಓದಿದಳು. ವಿಜ್ಞಾನದ ಉತ್ತರಪತ್ರಿಕೆ ಓದುವ ಮುಖವೇ.

“ಇದನ್ನು ಹಿಡ್ಕೊಂಡು ಹೋದ್ರೆ ನಿಮ್ಮನ್ನು ಪೊಲೀಸರಲ್ಲ, ಆಸ್ಪತ್ರೆಯವರು ಕರ್ಕೊಂಡು ಹೋಗ್ತಾರೆ.”

“ಮತ್ತೆ? ಹೇಳಿಕೆ ಬೇಕಂತೆ.”

“ನಮ್ಮ ಮದುವೆಗೆ ನಿಮ್ಮ ಅಪ್ಪ ಎಷ್ಟು ಮನೆಗೆ ಹೇಳಿಕೆ ಮಾಡಿದ್ರು?”

ಪೆನ್ನಿನ ಮುಚ್ಚಳ ಹಾಕಿದೆ.

ಈ ಶಬ್ದದೊಳಗೇ ಹುಟ್ಟಿ ಬೆಳೆದವನು ನಾನು. ನಮ್ಮಲ್ಲಿ ಹೇಳಿಕೆ ಎಂದರೆ ಮನೆಗೆ ಹೋಗಿ, ಹಿರಿಯರ ಮುಖ ನೋಡಿ, ಇಂಥ ದಿನ ಇಂಥ ಹೊತ್ತಿಗೆ ಇಂಥದ್ದುಂಟು ಎಂದು ಬಾಯಿಯಲ್ಲಿ ಹೇಳುವುದು. ಕಾಗದ ಎಷ್ಟು ಚಂದ ಇದ್ದರೂ ಬಾಯಿಯ ಮಾತು ಬಾರದಿದ್ದರೆ ಅದು ಕರೆಯದ ಹಾಗೆಯೇ. ಅರ್ಧ ಆಯುಷ್ಯ ಕಚೇರಿಗಳ ಬೆಂಚಿನಲ್ಲಿ ಕಾದು ಕಾದು, ಆ ಶಬ್ದಕ್ಕೆ ಠಾಣೆಯ ಅರ್ಥ ಒಂದೇ ನನ್ನ ತಲೆಯಲ್ಲಿ ಉಳಿದಿತ್ತು.

ಹೇಳಿಕೆಗೆ ಎರಡು ದಿನ ಬೇಕಾಯಿತು. ಜೋಡಿಯಾಗಿ ಹೋಗಬೇಕೆಂದು ಹೆಂಡತಿಯೂ ಬಂದಳು. ಮೊದಲನೆಯ ಮನೆಯ ಮುದುಕಿ ಬೆಲ್ಲ, ನೀರು ಕೊಟ್ಟು, “ಮದುವೆ ಮಗಳದ್ದಾ, ಮಗನದ್ದಾ?” ಎಂದು ಕೇಳಿದರು.

“ಮದುವೆ ಅಲ್ಲ ಅಮ್ಮ. ಡ್ರೋನು. ಗುರುವಾರ.”

ಅವರು ಸ್ವಲ್ಪ ಯೋಚಿಸಿದರು. “ಊಟ ಉಂಟಾ?”

“ಬನ್ಸ್ ಉಂಟು,” ಎಂದುಬಿಟ್ಟಳು ಹೆಂಡತಿ. ನನ್ನ ಮೂವತ್ತೊಂದರ ಪಟ್ಟಿಗೆ ಅಲ್ಲಿಗೆ ಮೂವತ್ತೆರಡನೆಯದು ಸೇರಿತು.

ಹಂಚಿಲ್ಲದ ಬಚ್ಚಲಿನವರ ಮನೆಗೆ ಹೋಗುವಾಗ ನನ್ನ ಕಾಲು ಹಿಂದೆ ಬಿತ್ತು. ಅವರು ಪುನರ್ಪುಳಿ ಶರಬತ್ತು ಕೊಟ್ಟರು. ಮೊದಲ ದಿನ ತೆಗೆದ ಚಿತ್ರಗಳನ್ನು ಅವರ ಮುಂದೆ ತೆರೆದು, ಅವರ ಮನೆ ಮೂಲೆಯಲ್ಲಿ ಎಲ್ಲಿ ಬರುತ್ತದೆ ಎಂದು ತೋರಿಸಿ, ಆ ಚಿತ್ರಗಳನ್ನು ಅವರ ಬೆರಳಿನಿಂದಲೇ ಅಳಿಸಲು ಹೇಳಿದೆ. ಹಾರಾಟದ ಗಡಿಯನ್ನು ಅವರ ಕಣ್ಣೆದುರೇ ಇಪ್ಪತ್ತು ಮೀಟರು ಒಳಗೆ ಎಳೆದೆ.

“ಇಷ್ಟನ್ನು ಮೊದಲೇ ಬಂದು ಹೇಳಿದ್ರೆ ನಾನೇ ಕೊಡೆ ಹಿಡ್ಕೊಂಡು ನಿಲ್ತಿದ್ದೆ ಮಾರಾಯ್ರೆ,” ಎಂದರು. “ಹತ್ತೂವರೆ ಕಳೆದ್ರೆ ನಮ್ಮಲ್ಲಿ ಯಾರೂ ಸ್ನಾನ ಮಾಡುದಿಲ್ಲ.”

ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು ಹೊತ್ತು ಸಿಕ್ಕಿತು. ಬ್ರಾಂಚಿಗೆ ಬೀಡಿ ಕೊಂಡುಹೋಗುವವರು ಒಂಬತ್ತೂವರೆಗೆ ದಾಟುತ್ತಾರೆ. ದನ ಬಿಡುವುದು ಹತ್ತಕ್ಕೆ. ಗುರುವಾಯನಕೆರೆಯ ಕಡೆಗೆ ಹೋಗುವವರು ಹತ್ತೂಕಾಲರ ಬಸ್ಸು ಹಿಡಿಯುತ್ತಾರೆ. ಹತ್ತೂಮುಕ್ಕಾಲರಿಂದ ಹನ್ನೊಂದೂವರೆ ಖಾಲಿ. ಯಾವ ಉಪಗ್ರಹ ಚಿತ್ರದಲ್ಲೂ ನನಗೆ ಇದು ಸಿಗುತ್ತಿರಲಿಲ್ಲ.

ಹದಿನಾಲ್ಕನೆಯದು ಕುರ್ಚಿ ಕೊಟ್ಟ ಅಕ್ಕನ ಮನೆ. ಹತ್ತಿರದವರಾದ್ದರಿಂದ ಕೊನೆಗೆ ಇಟ್ಟಿದ್ದೆ. “ಕುರ್ಚಿಗೆ ಮೊದಲು ಬಂದ್ರಿ, ಹೇಳಿಕೆಗೆ ಕಡೆಗೆ,” ಎಂದರು ಅಕ್ಕ. ಒಳಗಿನಿಂದ ಅವರ ಅಣ್ಣ ಬಂದು ಕೂತರು. ಎಪ್ಪತ್ತು ದಾಟಿದ ಪ್ರಾಯ. ಕೈಯಲ್ಲೇ ಕಲ್ಲು ಕಡಿಯುತ್ತಿದ್ದ ಕಾಲದಲ್ಲಿ ಅದೇ ಕೋರೆಯಲ್ಲಿ ದುಡಿದವರು.

“ಗುರುವಾರ ಕುರ್ಚಿ ಎಲ್ಲಿ ಇಡ್ತೀರಿ?” ಎಂದು ಕೇಳಿದರು.

“ಅವತ್ತು ಇಟ್ಟಲ್ಲೇ. ಗೇರುಮರದ ಹತ್ತಿರ.”

ಅವರು ತಂಗಿಯ ಮುಖ ನೋಡಿದರು. “ಅಲ್ಲಿ ಬೇಡ. ಅಡಿ ಟೊಳ್ಳು.”

ಆ ಕಡೆ ಕಲ್ಲಿನ ಕೆಳಗೆ ಬಿಳಿ ಜೇಡಿಮಣ್ಣಿನ ಪದರ ಉಂಟಂತೆ. ಅದು ಕಂಡದ್ದೇ ಇವರೆಲ್ಲ ಆ ಗೋಡೆಯ ಕೆಲಸ ನಿಲ್ಲಿಸಿದ್ದರು. ಕೋರೆಗೆ ನೀರು ತುಂಬಿದ ಮೇಲೆ ಪ್ರತಿ ವರ್ಷ ಆ ಮಣ್ಣು ಕರಗಿ ಹೋಗುತ್ತದೆ, ಮೇಲಿನ ಕಲ್ಲು ಹಾಗೇ ನಿಂತಿರುತ್ತದೆ.

“ನೋಡ್ಲಿಕ್ಕೆ ಗಟ್ಟಿ ಉಂಟಲ್ಲ?” ಎಂದೆ.

“ನೋಡ್ಲಿಕ್ಕೆ ಉಂಟು. ಹಾರೆಯಲ್ಲಿ ತಟ್ಟಿ ಕೇಳಿ.”

“ಮತ್ತೆ ಜನ ದಿನಾ ಅದರ ಮೇಲೆಯೇ ನಡೀತಾರಲ್ಲ, ಅಣ್ಣ. ಯಾರಿಗೂ ಹೇಳ್ಲಿಲ್ವಾ?”

“ಹೇಳಿದ್ದೇನೆ. ಮುದುಕ ಹೇಳಿದ್ದಕ್ಕೆ ದಾರಿ ಬದಲಾಗ್ತದಾ?”

ಅಂಗಳಕ್ಕೆ ಇಳಿದು ಹೆಂಡತಿಯ ಮುಖ ನೋಡಿದೆ. ಆ ದಿನ ಹೆಚ್ಚುಕಡಿಮೆ ಎರಡು ಗಂಟೆ ಆ ಮೂಗಿನ ಮೇಲೆ ನಾವಿಬ್ಬರೂ ನಿಂತಿದ್ದೆವು. ಜಗತ್ತಿನ ಸಕಲ ಅಪಾಯಗಳನ್ನೂ ಪಟ್ಟಿ ಮಾಡಿಕೊಂಡು ತಿರುಗುವ ನಾನು, ಕಾಲಿನ ಕೆಳಗಿನ ನೆಲವನ್ನು ಪಟ್ಟಿಗೆ ಸೇರಿಸಿರಲಿಲ್ಲ. ಸಾಲದ್ದಕ್ಕೆ ನನ್ನ ನಕ್ಷೆ ಹದಿನಾಲ್ಕು ಮನೆಯವರನ್ನೂ ಅದೇ ಟೊಳ್ಳಿನ ಮೇಲೆ, ಬೇಲಿಯ ಧೈರ್ಯದಲ್ಲಿ, ದಿನಾ ನಡೆಸುವುದಿತ್ತು.

ಅಧಿಕಾರಿಗೆ ಫೋನು ಮಾಡಿದೆ. ಅವರು ನನ್ನ ಮಾತನ್ನು ತಳ್ಳಿಹಾಕಲಿಲ್ಲ. ಆದರೆ ದಾರಿಯನ್ನೇ ಸರಿಸುವುದಾದರೆ ಯಾರದ್ದಾದರೂ ಜಾಗದಲ್ಲಿ ಹೋಗಬೇಕು, ಎಂಜಿನಿಯರು ಒಪ್ಪಬೇಕು, ಅದಕ್ಕೆ ಕಣ್ಣಿಗೆ ಕಾಣುವ ಆಧಾರ ಬೇಕು ಎಂದರು. “ಫೋಟೋ ಸಿಗ್ತಾವೇನ್ರಿ ಸರ್?”

ಮೇಲಿನಿಂದ ಸಿಗುವುದಿಲ್ಲ. ಕೋರೆಯೊಳಗೆ ಇಳಿಸಿ, ಗೋಡೆಗೆ ಮುಖಮಾಡಿ ತೆಗೆಯಬೇಕು. ಅದು ಬೇರೆಯೇ ಆಟ. ಡ್ರೋನಿಗೆ ತಾನಿರುವ ಜಾಗ ತಿಳಿಸುವ ಉಪಗ್ರಹಗಳು ಗೋಡೆಗಳ ನಡುವೆ ಮರೆಯಾಗುತ್ತವೆ. ಕೆಳಗಿನ ನೀರಿನ ಹೊಳಪು ಡ್ರೋನಿನ ಹೊಟ್ಟೆಯ ಸೆನ್ಸರನ್ನು ಮೋಸಗೊಳಿಸುತ್ತದೆ. ಸಂಪರ್ಕ ತಪ್ಪಿದರೆ ಡ್ರೋನು ತಾನಾಗಿ ನೇರ ಮೇಲಕ್ಕೇರಿ ಹೊರಟ ಜಾಗಕ್ಕೆ ಬರುತ್ತದೆ. ಆದರೆ ಚಾಚಿದ ಕಲ್ಲಿನ ಕೆಳಗಿದ್ದರೆ ಆ ಏರುವಿಕೆಯೇ ಅದರ ಕತೆ ಮುಗಿಸುತ್ತದೆ. ಮೇಲಿನಿಂದ ಕಂಡದ್ದಿಷ್ಟು ಎಂದು ಬರೆದು ಕೊಟ್ಟರೂ ನನ್ನ ತಪ್ಪೇನಿರಲಿಲ್ಲ. ಕೆಲಸದ ಆದೇಶದಲ್ಲಿ ಇದ್ದದ್ದು ಅಷ್ಟೇ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಸಾರು ಬಡಿಸುತ್ತಾ, “ನಿಮಗೆ ಯಾವುದಕ್ಕೆ ಹೆದರಿಕೆ ಕಡಿಮೆ?” ಎಂದು ಕೇಳಿದಳು. ಒಳಗೆ ಇಳಿಸುವುದು ಎಂದು ತೀರ್ಮಾನಿಸಿದೆ.

ಗುರುವಾರ ಕುರ್ಚಿ ಪೂರ್ವದ ಲಾರಿ ಇಳಿಜಾರಿನ ತಲೆಗೆ ಬಂತು. ಅಣ್ಣ ಮೊದಲು ಹೋಗಿ ಹಾರೆಯಿಂದ ನಾಲ್ಕು ಕಡೆ ತಟ್ಟಿದರು. “ಇಲ್ಲಿ ಆನೆ ನಿಲ್ಲಿಸಬಹುದು,” ಎಂದರು. ಅಲ್ಲಿಂದ ಪಶ್ಚಿಮದ ಗೋಡೆ ಎದುರಿಗೇ ಕಾಣುತ್ತಿತ್ತು, ಬಿಸಿಲೂ ಅದರ ಮೇಲೆ ಬೀಳುತ್ತಿತ್ತು. ಹತ್ತೂವರೆಗೆ ಜನ ಬರತೊಡಗಿದರು. ನಾನು ಹೇಳಿದ್ದ ಹಾಗೆಯೇ ಎಲ್ಲರೂ ಅಂಚಿನಿಂದ ಬಲು ಹಿಂದೆ, ಅಕ್ಕನ ಅಂಗಳದಲ್ಲಿ ನಿಂತರು. ಕೆಲವರು ಒಗೆದ ಸೀರೆ, ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದರು. ಬಚ್ಚಲಿನವರು ದಾರಿಯ ಒಂದು ತುದಿಯಲ್ಲಿ, ಅವರ ಮಗಳು ಇನ್ನೊಂದು ತುದಿಯಲ್ಲಿ ನಿಂತು ಬರುವವರನ್ನು ತಡೆಯುವ ಕೆಲಸ ವಹಿಸಿಕೊಂಡರು. ಇಡೀ ಅಂಚಿನ ಮೇಲೆ ಒಂದು ಕೋಳಿಯೂ ಇರಲಿಲ್ಲ.

ಹೆಂಡತಿಗೆ ಹೇಳಿದೆ, “ಗೋಡೆಗೆ ಎಂಟು ಮೀಟರಿಗಿಂತ ಹತ್ತಿರ ಹೋಗುದಿಲ್ಲ. ಉಪಗ್ರಹ ಒಂಬತ್ತಕ್ಕಿಂತ ಕಡಿಮೆ ಆದ್ರೆ ವಾಪಸು. ನಾನು ಆಸೆಯಲ್ಲಿ ಮುಂದೆ ಹೋದ್ರೆ ನೀನು ಬೈಯಬೇಕು.”

“ಅದನ್ನು ಹೇಳಬೇಕಾ?” ಎಂದಳು.

ಡ್ರೋನು ಏರಿ, ನೀರಿನ ನಡುವಿಗೆ ಹೋಗಿ, ನಿಧಾನ ಇಳಿಯಿತು. ಹತ್ತೊಂಬತ್ತು ಇದ್ದ ಉಪಗ್ರಹಗಳು ಹದಿನಾಲ್ಕಾದವು, ಹನ್ನೊಂದಾದವು. ಗೋಡೆಯ ಕಡೆ ತಿರುಗಿಸಿ ಮುಂದೆ ನಡೆಸಿದೆ. ಪರದೆಯಲ್ಲಿ ಕೆಂಪುಕಲ್ಲಿನ ಕೊರೆದ ಸಾಲುಗಳು, ಕೆಳಗೆ ಒಂದು ಬಿಳಿ ಗೆರೆ, ಗೆರೆಯ ಮೇಲೆ ಕತ್ತಲೆ. ಇನ್ನು ಎರಡು ಮೀಟರು ಹೋದರೆ ಕತ್ತಲೆಯ ಒಳಗು ಕಾಣುತ್ತಿತ್ತು.

“ಎಂಟು,” ಎಂದಳು ಹೆಂಡತಿ, ನನ್ನ ಹೆಗಲ ಮೇಲಿಂದ ಪರದೆ ನೋಡಿ. ದೂರ ಅಲ್ಲ, ಉಪಗ್ರಹ.

“ಒಂದು ನಿಮಿಷ...”

“ಎಂಟು ಅಂದೆ.”

ಹಿಂದಕ್ಕೆ ತಂದೆ. ಇಳಿಸಿದೆ. ಬ್ಯಾಟರಿ ಬದಲಿಸುವಾಗ ಬುದ್ಧಿ ಬಂತು. ಹತ್ತಿರ ಹೋಗಬೇಕಾದದ್ದು ಡ್ರೋನಲ್ಲ, ಚಿತ್ರ. ಎರಡನೇ ಸಲ ಕೋರೆಯ ನಡುವಿನಿಂದ ಮುಂದೆ ಹೋಗಲೇ ಇಲ್ಲ. ಹನ್ನೊಂದು ಉಪಗ್ರಹ ಇರುವಲ್ಲೇ ನಿಲ್ಲಿಸಿ, ನೀರಿನಿಂದ ನಾಲ್ಕು ಮೀಟರು ಎತ್ತರದಲ್ಲಿ, ಕ್ಯಾಮೆರಾದ ಝೂಮ್ ಪೂರ್ತಿ ಎಳೆದೆ. ಎತ್ತರ ಕಡಿಮೆಯಾಗುತ್ತಿದೆಯೇ ಎಂದು ಹೆಂಡತಿ ಗೋಡೆಯ ಕಲ್ಲಿನ ಸಾಲು ಎಣಿಸುತ್ತಾ ಹೇಳುತ್ತಿದ್ದಳು. ಒಂದೊಂದೇ ಚಿತ್ರ ತೆಗೆಯುತ್ತಾ, ಗೋಡೆಯ ಉದ್ದಕ್ಕೂ ಪಕ್ಕಕ್ಕೆ ಸರಿದೆ. ಒಂಬತ್ತು ನಿಮಿಷ. ಇಳಿದು ಕುರ್ಚಿಯ ಮೇಲೆ ಕೂತ ಡ್ರೋನಿಗೆ ನಾನು ಕೈಮುಗಿದೆ ಎಂದು ಹೆಂಡತಿ ಎಲ್ಲರಿಗೂ ಹೇಳುತ್ತಾಳೆ. ನನಗೆ ನೆನಪಿಲ್ಲ.

ಅಂಗಳದಲ್ಲಿ ಲ್ಯಾಪ್‌ಟಾಪಿನ ಸುತ್ತ ಎಲ್ಲರೂ ಕೂಡಿದರು. ಗೇರುಮರದ ಮೂಗಿನ ಕೆಳಗೆ ಒಂದು ರಿಕ್ಷಾ ಒಳಗೆ ನಿಲ್ಲುವಷ್ಟು ಗುಹೆ. ಅದರ ಮಾಡಿನಿಂದ ಮರದ ಬೇರುಗಳು ಗಾಳಿಯಲ್ಲಿ ತೂಗುತ್ತಿದ್ದವು. ಮೇಲಿನ ಕಲ್ಲು ಒಂದು ಆಳಿನಷ್ಟೂ ದಪ್ಪ ಇರಲಿಲ್ಲ. ಹೆಂಡತಿ ಆ ಬೇರುಗಳನ್ನು ನೋಡುತ್ತಾ ನನ್ನ ಅಂಗಿಯ ತೋಳು ಹಿಡಿದುಕೊಂಡಳು.

ನಾನು ಮೊದಲೇ ಹೇಳಿದ್ದೆ ಎಂದು ಅಣ್ಣ ಅನ್ನಲಿಲ್ಲ. ಬಗ್ಗಿ ನೋಡಿ, “ಅಷ್ಟು ಒಳಗೆ ನಾವು ಕಡಿದದ್ದಲ್ಲ. ನೀರು ಕಡಿದದ್ದು,” ಎಂದರು.

“ಹಾಗಾದ್ರೆ ದಾರಿ?” ಎಂದು ಯಾರೋ ಕೇಳಿದರು. ದಾರಿ ಹಿಂದೆ ಸರಿದರೆ ಬರುವುದು ಅಕ್ಕನ ಜಾಗಕ್ಕೇ. ಅಕ್ಕ ಬನ್ಸಿನ ಬುಟ್ಟಿ ದಾಟಿಸುತ್ತಾ, “ಅಂಗಳದ ಬದಿಯಲ್ಲಿ ಹೋಗ್ಲಿ. ಹೇಗೂ ಇವತ್ತು ಎಲ್ಲ ಇಲ್ಲೇ ಇದ್ದೀರಲ್ಲ,” ಎಂದರು. ಇಷ್ಟು ದೊಡ್ಡ ಮಾತನ್ನು ಅಷ್ಟು ಸಣ್ಣದಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಎಂಜಿನಿಯರು ಚಿತ್ರ ನೋಡಿ ಒಪ್ಪಿದರು. ಬೇಲಿ ಅಂಚಿನಿಂದ ಹನ್ನೆರಡು ಮೀಟರು ಹಿಂದೆ ಬಂತು, ದಾರಿ ಅದಕ್ಕೂ ಹಿಂದೆ. ಕೊನೆಯ ಕಂಬ ನಿಂತು ಕೆಲವೇ ದಿನಕ್ಕೆ ಮಳೆ ಹಿಡಿಯಿತು.

ಜುಲೈಯ ಒಂದು ಬೆಳಿಗ್ಗೆ ಅಣ್ಣನ ಫೋನು. ಅವರು ಫೋನಿನಲ್ಲಿ ಕೂಗಿಯೇ ಮಾತಾಡುವುದು. “ನಿಮ್ಮ ಕುರ್ಚಿಯ ಜಾಗ ಹೋಯ್ತು. ಮರ ಸಮೇತ. ಬೀಡಿಯವರು ಹೋಗುವ ಹೊತ್ತಿಗೇ ಬಿದ್ದದ್ದು. ಎಲ್ಲ ಅಂಗಳದ ದಾರಿಯಲ್ಲೇ ಇದ್ರು.”

ಫೋನಿಟ್ಟು ಹೆಂಡತಿಗೆ ಸುದ್ದಿ ತಿಳಿಸಿ ಹೇಳಿದೆ, “ಅವರಿಗೊಂದು ಮೆಸೇಜು ಹಾಕಬೇಕು, ಥ್ಯಾಂಕ್ಸ್ ಅಂತ.” ಅವಳು ನನ್ನನ್ನು ನೋಡಿದ ರೀತಿಗೇ ನಾನು ಕೊಡೆ ಎಲ್ಲಿದೆ ಎಂದು ಹುಡುಕಲು ಎದ್ದೆ.

ಆ ಭಾನುವಾರ ಹದಿನಾಲ್ಕು ಮನೆಗೂ ಹೋದೆವು. ಮೊದಲು ಅಕ್ಕನ ಮನೆಗೆ. ಹೊಸ ದಾರಿ ಅಂಗಳದ ಬದಿಯಲ್ಲಿ ಆಗಲೇ ಕಾಲು ತುಳಿದು ಹಳತಾಗಿತ್ತು.

“ಈ ಸರ್ತಿ ಎಂತದ್ದರ ಹೇಳಿಕೆ?” ಎಂದರು ಅಕ್ಕ, ಬೀಡಿ ಕಟ್ಟುತ್ತಾ.

“ಎಂತದ್ದೂ ಇಲ್ಲ ಅಕ್ಕ. ಸುಮ್ಮನೆ ಹೇಳಿ ಹೋಗುವ ಅಂತ ಬಂದದ್ದು.”

ಅವರು ಒಳಗಿನಿಂದ ಅದೇ ಪ್ಲಾಸ್ಟಿಕ್ ಕುರ್ಚಿ ತಂದು ಜಗಲಿಯಲ್ಲಿಟ್ಟರು. ಕೂರುವ ಮೊದಲು ನನಗೆ ತಿಳಿಯದೆಯೇ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ತಟ್ಟಿ ನೋಡಿದೆ.

ಅಕ್ಕನ ಬೆರಳುಗಳು ಮೊದಲ ಸಲ ನಿಂತವು. “ಗಟ್ಟಿ ಉಂಟು,” ಎಂದರು. “ಕೂತುಕೊಳ್ಳಿ.”